ಮೋಜಣಿ ಖರ್ಚು

ಸರ್ಕಾರ ಪುಕ್ಕಟೆಯಾಗಿ ಕೊಟ್ಟ ಜಮೀನಿನ ಮೋಜಣಿ ಖರ್ಚು ಕೇಳಿಕೊಂಡು ಅಮಲ್ದಾರ ಭುಜಂಗಯ್ಯನವರು ರೈಲು ಕಂಪನಿಗೆ ಬಂದದ್ದು ಇದು ಏಳನೆಯ ಸಲ. ಅವರನ್ನು ಸಾಗಹಾಕುವುದು ಮ್ಯಾನೇಜರ್ ವರದರಾಜುಲು ಅವರಿಗೆ ರೂಢಿಯಾಗಿಬಿಟ್ಟಿತ್ತು.

"ಪತ್ರವೇ ಆಗಿಲ್ವಲ್ಲ ಸ್ವಾಮಿ, ಜಮೀನು ಇನ್ನೂ ನಮ್ಮದಲ್ಲ. ನಮ್ಮದಲ್ಲದ್ದನ್ನ ಅಳೆದಿದ್ದಕ್ಕೆ ನಾವ್ಯಾಕೆ ದುಡ್ಡು ಕೊಡ್ಬೇಕು?"

"ಮೂರು ವರ್ಷದಿಂದ ಅದರ ಮೇಲೇ ರೈಲು ಓಡಿಸ್ತಿದೀರಲ್ಲ?"

"ಓಡಿಸ್ತೀವಿ. ಜಮೀನು ಮಾತ್ರ ಸರ್ಕಾರದ್ದು."

"ಹಾಗಂತ ಬರೆದುಕೊಡ್ತೀರಾ?"

ಪೀಡೆ ತೊಲಗಿದರೆ ಸಾಕೆಂದು ವರದರಾಜುಲು ಖುಷಿಯಿಂದ ಬರೆದು, ರುಜು ಹಾಕಿ, ಮೊಹರು ಒತ್ತಿ ಕೊಟ್ಟರು. ಭುಜಂಗಯ್ಯನವರು ಕೈಮುಗಿದು ಹೊರಟರು. ಗೆದ್ದ ಸಂತೋಷಕ್ಕೆ ಮ್ಯಾನೇಜರು ಕಾಫಿ ತರಿಸಿ ಮೊದಲ ಗುಟುಕು ಹೀರುವಷ್ಟರಲ್ಲಿ ಕಿಟಕಿಯಾಚೆ ಅಮಲ್ದಾರರ ದನಿ ಕೇಳಿಸಿತು:

"ಸರ್ಕಾರಿ ಜಾಗ ಒತ್ತುವರಿಯಾಗಿದೆ ಕಣ್ರಪ್ಪಾ! ಹಾರೆ ತಗೊಳ್ಳಿ, ಹಳಿ ಕೀಳಿ."