ಬಳೆಚೂರಿನ ವೈದ್ಯ

ತಂಗಿ ಮಾಡಿದ ವೈದ್ಯನಿಗೆ ನಮ್ಮ ಆಟದಲ್ಲಿ ನಾನು ಜಾಗ ಕೊಡಲಿಲ್ಲ. ಇವತ್ತು ಮಗಳಿಗೆ ಚೌಕಾಬಾರದ ದಾಳ ಮಾಡಲು ಹುಣಸೆಬೀಜ ತಿಕ್ಕುವಾಗ ಎದ್ದ ಸುಟ್ಟ ವಾಸನೆ ನಾವು ಚಿಕ್ಕವರಿದ್ದಾಗಿನ ಆ ಮಧ್ಯಾಹ್ನವನ್ನು ನೆನಪಿಗೆ ತಂದಿತು.

ಯಾದಗಿರಿಯ ಮಾಮನ ಮಗ ಬಿಟ್ಟುಹೋದ ಆಟದ ಪುಸ್ತಕದಲ್ಲಿ ಯೋಧ, ಕಳ್ಳ, ವೈದ್ಯ ಎಂಬ ಪಾತ್ರಗಳಿದ್ದವು. ನನಗೆ ಅದನ್ನು ಓದಿ ತಿಳಿಯಲಾಗಲಿಲ್ಲ. ತಂಗಿ ಓದಿ, ವೈದ್ಯನನ್ನು ಚೌಕಾಬಾರಕ್ಕೆ ಇಳಿಸಿದಳು. ಹಸಿರು ಬಳೆಚೂರೇ ವೈದ್ಯ. ಅದು ಪಕ್ಕದ ಚೌಕದಲ್ಲಿದ್ದರೆ ಹೊಡೆತ ತಿಂದ ಕಾಯಿ ಸಾಯುವುದಿಲ್ಲ.

ಅವಳ ಕಾಯಿ ಎರಡು ಸಲ ಬದುಕಿತು. "ಚೌಕಾಬಾರದಾಗ ಎಲ್ಲಿ ವೈದ್ಯ ಇರ್ತಾನ?" ಎಂದು ಬಳೆಚೂರನ್ನು ಅಂಗಳಕ್ಕೆ ಎಸೆದೆ.

"ಸೋಲಾವಂಗ ಕಾನೂನ್ ಭಾಳ ನೋಡವಾ," ಎಂದು ಆಟ ನೋಡುತ್ತಿದ್ದ ಅಜ್ಜಿ ನನ್ನತ್ತ ತಿರುಗಿ ನಕ್ಕಳು. ತಂಗಿ ನಗಲಿಲ್ಲ. ಮತ್ತೆಂದೂ ಹೊಸ ಕಾಯಿ ಮಾಡಲೂ ಇಲ್ಲ.

ಬೀಜ ಕೆಳಗಿಟ್ಟು ಸುರಪುರದಲ್ಲಿರುವ ತಂಗಿಗೆ ಫೋನ್ ಮಾಡಿದೆ. "ತಪ್ಪಾತವಾ. ನಿನ್ನ ವೈದ್ಯ ಖರೇನ ಬದುಕಸತಿದ್ದ. ಆ ಆಟ ನೀನ ಗೆದ್ದಿದ್ದಿ."