ಕೊನೆಯ ಹೆಬ್ಬಾತು

ಚಳಿಗಾಲದಲ್ಲಿ ನಮ್ಮೂರ ಕೆರೆಗೆ ಬರುವ ಹೆಬ್ಬಾತುಗಳು ಮಾರ್ಚ್ ಮುಗಿಯುವುದರೊಳಗೆ ಹಿಮಾಲಯದ ಆಚೆಗೆ ಹಾರಿಹೋಗುತ್ತವೆ. ಕೊನೆಯ ಹೆಬ್ಬಾತನ್ನು ಕಂಡವರ ಹೆಸರು, ತಾರೀಖು ನಮ್ಮ ಪಕ್ಷಿವೀಕ್ಷಕರ ಬಳಗದ ಪಟ್ಟಿಗೆ ಸೇರುತ್ತವೆ. ನಾಲ್ಕು ವರ್ಷದಿಂದ ಅಲ್ಲಿ ಒಂದೇ ಹೆಸರು: ಕಂಠಿ ಮಾಸ್ತರು. ಅವರ ದುರ್ಬೀನಿಗೆ ದಾರದ ಕಟ್ಟು, ನನ್ನದು ಜರ್ಮನಿಯದು. ಆದರೂ ಪ್ರತಿ ಸಲ ನಾನು ಕಂಡ ಮರುದಿನ ಅವರಿಗೆ ಇನ್ನೊಂದು ಕಾಣಿಸುತ್ತಿತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು.

ಈ ವರ್ಷ ಮಾರ್ಚ್ ಇಪ್ಪತ್ತಕ್ಕೇ ಅವರು ಬಳಗಕ್ಕೆ ತಿಳಿಸಿದರು: "ಎಲ್ಲಾ ಹೋದವು." ಆಮೇಲೂ ದಿನಾ ಬೆಳಿಗ್ಗೆ ಅವರ ಸೈಕಲ್ಲು ಕೆರೆ ಕಡೆಗೇ ಹೊರಡುತ್ತಿತ್ತು. ನನ್ನನ್ನು ಮನೆಯಲ್ಲಿ ಕೂರಿಸುವ ಹೂಟ ಇದು ಎಂದುಕೊಂಡೆ.

ಏಪ್ರಿಲ್ ಹತ್ತರಂದು ನಾನೂ ಹೋದೆ. ಆಚೆ ದಂಡೆಯ ಜೊಂಡಿನ ಪಕ್ಕ ಒಂದು ಹೆಬ್ಬಾತು ನಿಂತಿತ್ತು! ಹತ್ತು ಹೆಜ್ಜೆ ಸಮೀಪಕ್ಕೆ ಹೋದರೂ ಹಾರಲಿಲ್ಲ. ನನಗಾಗಿಯೇ ಕಾದಿದ್ದಂತೆ ನಿಂತೇ ಇತ್ತು. ಫೋಟೊ ತೆಗೆದು ಬಳಗಕ್ಕೆ ಕಳಿಸಿದೆ. ತಡೆಯಲಾಗದೆ ಮಾಸ್ತರರಿಗೆ ಫೋನ್ ಮಾಡಿದೆ.

"ಎಲ್ಲಾ ಹೋದವು ಅಂದಿದ್ರಲ್ರಿ ಮಾಸ್ತರ, ಒಂದ ಉಳದೈತಿ ನೋಡ್ರಿ!"

"ಜೊಂಡಿನ ಬಾಜೂಕ ಇರೂದಾ?"

ನನ್ನ ನಗು ಅರ್ಧಕ್ಕೇ ನಿಂತಿತು. "ನೀವೂ ನೋಡೀರೇನು? ಮತ್ತ ಪಟ್ಟಿಗೆ ಯಾಕ ಬರಸಲಿಲ್ಲ?"

"ಹೋಗಾಕ ಆಗದ ಹಕ್ಕೀನ ಹ್ಯಾಂಗ ಬರಸೂದ್ರಿ? ಅದರ ರೆಕ್ಕಿ ಮುರದೈತಿ," ಎಂದರು ಮಾಸ್ತರು. "ಅದಕ್ಕ ಕಾಳು ಹಾಕಾಕಂತನ ದಿನಾ ಹೋಗತೀನಿ."