ಅತ್ತೆಯ ರೆಪ್ಪೆಗೊಂದು ಫ್ಲ್ಯಾಶ್

ಬೆಳಕನ್ನು ಮೆದುಗೊಳಿಸುವ ಬಿಳಿ ಛತ್ರಿಯ ಹಿಂದಿನಿಂದ ಫ್ಲ್ಯಾಶ್ ಮಿಂಚಿತು. ಕ್ಯಾಮೆರಾ ಅಂಗಡಿಯ ನಡುವೆ, ಸ್ಟೂಲಿನ ಮೇಲೆ ನೆಟ್ಟಗೆ ಕುಳಿತಿದ್ದ ಪುಟ್ಟಿಯ ಸೋದರತ್ತೆ ಈ ಸಲವೂ ಕಣ್ಣು ಮುಚ್ಚಿಯೇ ಸಿಕ್ಕಿಬಿದ್ದಳು. ಕ್ಯಾಮೆರಾದ ಪರದೆ ನೋಡಿ ಪುಟ್ಟಿ ತುಟಿ ಕಚ್ಚಿದಳು.

"ನಿದ್ದೆನಾ?" ಅತ್ತೆ ಕೇಳಿದಳು.

"ಗಾಢ ನಿದ್ದೆ."

"ಗೊರಕೆ ಒಂದು ಕೇಳಿಸ್ತಿಲ್ಲ, ಅಷ್ಟೆ," ಎಂದ ಅಂಗಡಿಯವನು.

ವಿಷಯ ನಕ್ಕು ಬಿಡುವಂಥದ್ದಾಗಿರಲಿಲ್ಲ. ಇಷ್ಟು ವರ್ಷ ಒಂದು ಗೀರೂ ಬೀಳದಂತೆ ಬಸ್ಸು ಓಡಿಸಿದ್ದಕ್ಕಾಗಿ ಅತ್ತೆಯ ಭಾವಚಿತ್ರವನ್ನು ಡಿಪೋದ ಗೋಡೆಗೆ ಹಾಕುವವರಿದ್ದರು. ಡಿಪೋದವರು ತೆಗೆಸಿದ ಚಿತ್ರದಲ್ಲಿ ಆಕೆ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಶಾಂತವಾಗಿ ಕಣ್ಣು ಮುಚ್ಚಿ ಕುಳಿತಿದ್ದಳು. ನಾಳೆಯೊಳಗೆ ಬೇರೆ ಚಿತ್ರ ಬರದಿದ್ದರೆ ಅದೇ ಗೋಡೆಗೇರುತ್ತಿತ್ತು. "ಅದನ್ನ ನೋಡಿದ ಮೇಲೆ ನನ್ನ ಬಸ್ಸು ಹತ್ತೋ ಧೈರ್ಯ ಯಾರಿಗಿರುತ್ತೆ?" ಎಂದು ಅತ್ತೆ ನಕ್ಕಿದ್ದಳು. ಆದರೆ ಮನೆಯ ಗುಂಪುಚಿತ್ರಗಳಲ್ಲಿ ಅತ್ತೆ ಏಕೆ ಕಾಣುವುದಿಲ್ಲ ಎಂಬುದು ಪುಟ್ಟಿಗೆ ತಿಳಿದಿತ್ತು. "ನೀವೆಲ್ಲ ನಿಂತ್ಕೊಳ್ಳಿ, ನಾನು ತೆಗೀತೀನಿ" ಎಂದು ಆಕೆ ಪ್ರತಿ ಸಲವೂ ಕ್ಯಾಮೆರಾದ ಹಿಂದಕ್ಕೆ ಜಾರಿಕೊಳ್ಳುತ್ತಿದ್ದಳು.

ಛಾಯಾಗ್ರಹಣ ಕಲಿಯುತ್ತಿದ್ದ ಪುಟ್ಟಿಗೆ ಹೇಗೂ ಒಂದು ಫ್ಲ್ಯಾಶ್ ಬೇಕಿತ್ತು. ಕ್ಯಾಮೆರಾದ ನೆತ್ತಿಯ ಮೇಲೆ ಕೂತು ಮುಖವನ್ನು ಹಲಗೆಯಂತೆ ಚಪ್ಪಟೆ ಮಾಡುವಂಥದ್ದಲ್ಲ. ದೂರದಲ್ಲಿ ಸ್ಟ್ಯಾಂಡಿನ ಮೇಲೆ ನಿಂತು, ಪಕ್ಕದಿಂದ ಬೆಳಕು ಚೆಲ್ಲುವಂಥದ್ದು. ಕೊಡಿಸಲು ಅತ್ತೆ ಒಪ್ಪಿದ್ದಳು. ಷರತ್ತು ಒಂದೇ: "ಯಾವುದು ನನ್ನ ಕಣ್ಣು ತೆರೆಸುತ್ತೋ, ಅದು."

ಅಂಗಡಿಯವನು ಆಗಿನಿಂದ ಹೊಗಳುತ್ತಿದ್ದುದು ಈಗ ಛತ್ರಿಯ ಹಿಂದಿದ್ದ ಸ್ವಯಂಚಾಲಿತ ಫ್ಲ್ಯಾಶನ್ನು. "ಬೆಳಕನ್ನ ತಾನೇ ಅಳೆಯುತ್ತೆ, ತಾನೇ ಹೊಂದಿಸ್ಕೊಳ್ಳುತ್ತೆ. ನೀವು ಗುಂಡಿ ಒತ್ತಿದ್ರೆ ಮುಗೀತು. ಆ ಇನ್ನೊಂದಕ್ಕೆ ಎಲ್ಲಾ ಕೈಯಲ್ಲೇ ತಿರುಗಿಸ್ತಾ ಕೂರಬೇಕು." ಪುಟ್ಟಿಯ ತರಗತಿಯವರೆಲ್ಲ ಕೊಂಡದ್ದೂ ಅದನ್ನೇ, ಪುಟ್ಟಿಯ ಮನಸ್ಸು ನೆಟ್ಟಿದ್ದೂ ಅದರ ಮೇಲೆಯೇ.

"ತಪ್ಪು ನಂದಲ್ಲ ಕಣೇ," ಎಂದಳು ಅತ್ತೆ. "ಮೊದಲು ಅದೇ ಕಣ್ಣು ಹೊಡೀತು."

"ಯಾವುದು?"

"ನಿನ್ನ ದೀಪ. ಎದುರು ಬರೋ ಗಾಡಿ ಹೆಡ್‌ಲೈಟ್ ಮಿಟುಕಿಸುತ್ತಲ್ಲ, ಹಾಗೆ ಒಂದು ಸಲ ಮಿನುಗುತ್ತೆ. ಆಮೇಲೆ ಮುಖಕ್ಕೆ ರಾಚುತ್ತೆ."

"ಮಿಂಚೋದು ಒಂದೇ ಸಲ ಅಮ್ಮ," ಅಂಗಡಿಯವನು ತಲೆಯಾಡಿಸಿದ. "ದಿನಾ ನೋಡ್ತಿರ್ತೀನಲ್ಲ."

"ನೀವು ನೋಡೋದು ಗಿರಾಕಿ ಕೈನ. ಜೇಬಿಗೆ ಹೋಯ್ತೋ ಇಲ್ವೋ ಅಂತ."

ಪುಟ್ಟಿ ವಾದಕ್ಕಿಳಿಯಲಿಲ್ಲ. ಪರೀಕ್ಷಿಸದೆ ನಂಬುವುದಾಗಲಿ, ಪರೀಕ್ಷಿಸದೆ ತಳ್ಳಿಹಾಕುವುದಾಗಲಿ ಅವಳ ಜಾಯಮಾನವಲ್ಲ. ಫೋನನ್ನು ಒಂದು ಪೆಟ್ಟಿಗೆಗೆ ಒರಗಿಸಿ, ನಿಧಾನಗತಿಯಲ್ಲಿ ವಿಡಿಯೊ ತೆಗೆಯುವಂತೆ ಹೊಂದಿಸಿ, ಅತ್ತೆಯ ಮೇಲೆ ಇನ್ನೊಮ್ಮೆ ಫ್ಲ್ಯಾಶ್ ಮಿಂಚಿಸಿದಳು. ಬಳಿಕ ಮೂರು ತಲೆಗಳು ಫೋನಿನ ಮೇಲೆ ಬಾಗಿದವು. ಮೊದಲು ಛತ್ರಿಯೊಳಗೆ ಒಂದು ಸಣ್ಣ ಮಿನುಗು. ಅದಕ್ಕೆ ಅತ್ತೆಯ ರೆಪ್ಪೆಗಳು ಅಂಗಡಿಯ ಷಟರಿನಂತೆ ಇಳಿಯತೊಡಗಿದವು. ಅವು ಪೂರ್ತಿ ಮುಚ್ಚಿಕೊಂಡ ಮೇಲೆ ನಿಜವಾದ ಮಿಂಚು ಬಂತು.

"ಬೆಳಕು ಅಳೆಯೋಕೆ ಅಂತ ಮೊದಲು ಒಂದು ಸಣ್ಣ ಮಿಂಚು ಬಿಡ್ತಿದೆ," ಪುಟ್ಟಿ ತನಗೆ ತಾನೇ ಹೇಳಿಕೊಳ್ಳುವಂತೆ ಅಂದಳು. "ಬೇರೆಯವರ ರೆಪ್ಪೆ ಬೀಳೋದರೊಳಗೆ ಫೋಟೋ ಆಗಿಹೋಗಿರುತ್ತೆ. ನಿನ್ನ ರೆಪ್ಪೆ ಅದಕ್ಕಿಂತ ಚುರುಕು, ಅತ್ತೆ."

"ಚುರುಕಿಲ್ಲದಿದ್ರೆ ಬಸ್ಸನ್ನ ಯಾವತ್ತೋ ಗುದ್ದಿರ್ತಿದ್ದೆ."

"ಹಾಗಾದ್ರೆ ಮದುವೆ ಫೋಟೋದಲ್ಲೂ ಇದೇ ಕಥೆನಾ?" ಅಂಗಡಿಯವನಿಗೆ ಕುತೂಹಲ.

"ಅಲ್ಲಿ ಬೇಕಂತಲೇ ಮುಚ್ಚಿದ್ದು."

ಪುಟ್ಟಿ ಸ್ವಯಂಚಾಲಿತ ಫ್ಲ್ಯಾಶನ್ನು ಸ್ಟ್ಯಾಂಡಿನಿಂದ ಬಿಚ್ಚಿ, ಒಂದು ಗಳಿಗೆ ಅಂಗೈಯಲ್ಲೇ ಹಿಡಿದುಕೊಂಡಳು. ನಾಳೆ ತರಗತಿಯಲ್ಲಿ ಏಳುವ ನಗು ಈಗಲೇ ಕೇಳಿಸುತ್ತಿತ್ತು: ಇದ್ಯಾವ ಮುತ್ತಾತನ ಕಾಲದ್ದೇ? ಆದರೂ ಬೆಳಕು ಅಳೆಯುವ ಗೋಜಿಗೇ ಹೋಗದ, ಕೈಯಲ್ಲಿ ತಿರುಗಿಸುವ ಫ್ಲ್ಯಾಶನ್ನೇ ಎತ್ತಿ ಛತ್ರಿಯ ಹಿಂದೆ ಸಿಕ್ಕಿಸಿದಳು. ಮೊದಲ ಚಿತ್ರದಲ್ಲಿ ಅತ್ತೆ ಸುಣ್ಣದ ಗೋಡೆಯಾದಳು. ಬೆಳಕಿನ ಬಲವನ್ನು ಇಳಿಸಿದಾಗ ಇದ್ದಿಲಾದಳು. ಸ್ಟ್ಯಾಂಡನ್ನು ತುಸು ಹತ್ತಿರಕ್ಕೆಳೆದು, ಗುಂಡಿಯನ್ನು ಒಂದು ಗೆರೆ ಏರಿಸಿ, ಪುಟ್ಟಿ ಮತ್ತೆ ಕ್ಯಾಮೆರಾ ಹಿಡಿದಳು.

"ಇನ್ನೂ ಎಷ್ಟು ಹೊತ್ತೇ? ನಾನು ಸಿಗ್ನಲ್ಲಿನಲ್ಲೂ ಇಷ್ಟು ಹೊತ್ತು ಕಾದವಳಲ್ಲ!"

"ಅತ್ತೆ, ಎದುರಿನ ಗಾಡಿಯವನು ಹೆಡ್‌ಲೈಟ್ ತಗ್ಗಿಸ್ತಾನೇ ಇಲ್ಲ ಅಂದ್ಕೋ. ಅವನನ್ನ ನೋಡು."

ಅತ್ತೆ ನೋಡಿದಳು. ಫ್ಲ್ಯಾಶ್ ಒಂದೇ ಸಲ ಮಿಂಚಿತು. ರೆಪ್ಪೆಗಳು ಎಂದಿನಂತೆ ಪಟಕ್ಕನೆ ಬಿದ್ದವು. ಆದರೆ ಅಷ್ಟರಲ್ಲಿ ಚಿತ್ರ ಮುಗಿದಿತ್ತು.

ಪರದೆಯ ಮೇಲಿದ್ದ ಎರಡು ಅಗಲವಾದ ಕಣ್ಣುಗಳನ್ನು ಅತ್ತೆ ಬಹಳ ಹೊತ್ತು ನೋಡಿದಳು. "ಇವಳ್ಯಾರೇ, ಇಷ್ಟು ಜೋರು?"

"ನೀನೇ."

"ಹಾಗಾದ್ರೆ ಈ ದೀಪಾನೇ ಕಟ್ಟಿಸು."

ಆ ಚಿತ್ರವನ್ನು ಡಿಪೋದವರು ಗೇಟಿಗೆ ಎದುರಾದ ಗೋಡೆಗೆ ಹಾಕಿದರು. ಒಳಗೆ ಬರುವ ಹೊಸ ಚಾಲಕರು ಅದರ ಕಣ್ಣಿಗೆ ಬಿದ್ದೊಡನೆ, ಯಾರೂ ಹೇಳದೆ, ಬ್ರೇಕಿನ ಮೇಲೆ ಕಾಲಿಡುತ್ತಾರೆ. ಪಕ್ಕದಲ್ಲಿದ್ದ 'ನಿಧಾನವಾಗಿ ಚಲಿಸಿ' ಎಂಬ ಫಲಕವನ್ನು ಯಾರೋ ಕಳಚಿ ಮೂಲೆಗಿಟ್ಟಿದ್ದಾರೆ.